ರೂಟ್ ಅಂದರೆ ಯಾವ ರೂಟ್?

ಒಂದು ರಾತ್ರಿ ಹತ್ತೂವರೆಗೆ ಫೋನಿಗೆ ಮೆಸೇಜ್ ಬಂತು. "ಸರ್, ರೂಟ್ ಚೇಂಜ್ ಆಗಿದೆ." ಅಷ್ಟೇ. ಗೊತ್ತಿಲ್ಲದ ನಂಬರು, ಹೆಸರಿಲ್ಲ, ಹಿಂದೆ ಮುಂದೆ ಏನೂ ಇಲ್ಲ. ನಾನು ಆಗ ಒಂದು ಕಂಪನಿಯಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಎದೆ ಧಸಕ್ ಅಂತು. ಯಾರೋ ಒಳಗೆ ನುಗ್ಗಿ, ಸರ್ವರಿನ ಎಲ್ಲ ಬಾಗಿಲೂ ತೆರೆಯುವ ರೂಟ್ ಪಾಸ್‌ವರ್ಡ್ ಬದಲಾಯಿಸಿದ್ದಾರೆ ಅಂತಲೇ ಅಂದುಕೊಂಡೆ. ಊಟದ ತಟ್ಟೆ ಪಕ್ಕಕ್ಕೆ ತಳ್ಳಿ, ಎಡಗೈಯಲ್ಲೇ ಲ್ಯಾಪ್‌ಟಾಪ್ ತೆರೆದು, ಒಂದೊಂದೇ ಸರ್ವರಿಗೆ ಲಾಗಿನ್ ಆಗಿ ನೋಡಿದರೆ ಎಲ್ಲ ಕಡೆ ಹಳೇ ಪಾಸ್‌ವರ್ಡೇ ನಡೆಯುತ್ತಿದೆ. ಕೊನೆಗೆ ಆ ನಂಬರಿಗೇ ಫೋನ್ ಮಾಡಿದೆ. "ಸರ್, ನಾಳೆ ಬೆಳಿಗ್ಗೆ ಕ್ಯಾಬ್ ನಂದು. ನಿಮ್ಮದು ಫಸ್ಟ್ ಪಿಕಪ್ ಅಲ್ಲ, ಮೂರನೇದು. ಅದಕ್ಕೇ ರೂಟ್ ಚೇಂಜ್ ಆಗಿದೆ ಅಂತ ಹಾಕಿದ್ನಲ್ಲ ಸರ್?"

ಹಾಕಿದ್ದ, ಪಾಪ. ತಪ್ಪು ಅವನದೂ ಅಲ್ಲ, ನನ್ನದೂ ಅಲ್ಲ. ಇಂಗ್ಲಿಷಿನಲ್ಲಿ ದಾರಿಯ ರೂಟ್‌ಗೆ ಒಂದು ಸ್ಪೆಲ್ಲಿಂಗು, ಬೇರಿನ ರೂಟ್‌ಗೆ ಇನ್ನೊಂದು. ಬ್ರಿಟಿಷರ ಬಾಯಲ್ಲಿ ಮಾತ್ರ ಎರಡೂ ಒಂದೇ ಥರ ಕೇಳಿಸುತ್ತವೆ. ನಾವು ಕಿವಿಗೆ ಕೇಳಿದ್ದನ್ನು ಬರೆಯುವ ಜನ, ಹಾಗಾಗಿ ಕನ್ನಡದಲ್ಲಿ ಬಸ್ಸಿನ ದಾರಿಗೂ ಮರದ ಬೇರಿಗೂ ಇಂಗ್ಲೆಂಡಿನ ಬ್ಯಾಟ್ಸ್‌ಮನ್ ಜೋ ರೂಟ್‌ಗೂ ಒಂದೇ ಅಕ್ಷರ.

ಅವತ್ತು ನಿದ್ದೆ ಬರಲಿಲ್ಲ. ಸುಮ್ನೆ ಈ ಎರಡು ರೂಟ್‌ಗಳು ಎಲ್ಲಿಂದ ಬಂದವು ಅಂತ ನೋಡುತ್ತಾ ಕೂತೆ. ದಾರಿಯ ರೂಟ್ ಫ್ರೆಂಚ್ ಮೂಲಕ ಬಂದದ್ದು. ಅದರ ಹಿಂದಿರುವುದು ಲ್ಯಾಟಿನ್ನಿನ 'ರುಪ್ತಾ', ಅಂದರೆ ಮುರಿದದ್ದು. ಕಾಡು ಕಡಿದು, ನೆಲ ಒಡೆದು ಮಾಡಿದ ದಾರಿ. ದಿನಾ ಅದೇ ದಾರಿ ಹಿಡಿದರೆ ಅದು ರೂಟೀನ್. ಬೇರಿನ ರೂಟ್ ಬಂದದ್ದು ಬೇರೆಯೇ ದಿಕ್ಕಿನಿಂದ. ಇನ್ನೊಂದು ಮೂರನೇ ರೂಟ್ ಕೂಡ ಇದೆ. ಹಂದಿ ಮೂತಿಯಿಂದ ನೆಲ ಕೆದಕುತ್ತದಲ್ಲ, ಆ ಕೆದಕುವುದಕ್ಕೂ ಇಂಗ್ಲಿಷಿನಲ್ಲಿ ರೂಟ್ ಅಂತಲೇ ಹೇಳುತ್ತಾರೆ. ಬೇರು ಕೆದಕುತ್ತದೆ, ಅದಕ್ಕೇ ಆ ಹೆಸರು ಅಂದುಕೊಳ್ಳಬಹುದು. ಅಲ್ಲ. ಅದು ಹಳೆಯ ಇಂಗ್ಲಿಷಿನ 'ವ್ರೋಟನ್' ಅನ್ನುವ ಕ್ರಿಯಾಪದ, ಬೇರಿನ ರೂಟ್ ಇಂಗ್ಲಿಷಿಗೆ ಬರುವ ಮೊದಲೇ ಅಲ್ಲಿತ್ತು. ಅಮೆರಿಕದವರು ತಮ್ಮ ಟೀಮಿಗೆ ಕೂಗಿ ಹುರುಪು ತುಂಬುವುದಕ್ಕೂ ರೂಟ್ ಅನ್ನುತ್ತಾರೆ. ಅದೇ ಮಾತನ್ನು ಆಸ್ಟ್ರೇಲಿಯಾದಲ್ಲಿ ಆಡಿದರೆ ಪಕ್ಕದವರು ಮುಸಿಮುಸಿ ನಗುತ್ತಾರೆ. ಅಲ್ಲಿ ಅದಕ್ಕೆ ಹಾಸಿಗೆಯ ಅರ್ಥ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ.

ಕನ್ನಡದಲ್ಲೂ ಇಂಥದ್ದೊಂದು ಇದೆ, ಅದೂ ಇದೇ ಪದದಲ್ಲಿ. ಬೇರು ಮತ್ತು ಬೇರೆ. ನಾನು ತುಂಬಾ ದಿನ ಇವೆರಡೂ ಒಂದೇ ಕಡೆಯಿಂದ ಬಂದವು ಅಂತ ನಂಬಿದ್ದೆ. ಬೇರು ಕವಲೊಡೆದು ಬೇರೆಬೇರೆ ಆಗುತ್ತದೆ, ಎಷ್ಟು ಚೆನ್ನಾಗಿದೆ ಅಲ್ವಾ? ಚೆನ್ನಾಗಿದೆ, ಆದರೆ ಸುಳ್ಳು. ಹಳಗನ್ನಡದಲ್ಲಿ ಎರಡು 'ರ' ಇದ್ದವು. ಬೇರಿಗೆ ನಮ್ಮ ಈಗಿನ 'ರ'. 'ಬೇಱೆ'ಗೆ ಶಕಟರೇಫ, ಅಂದರೆ ಈ 'ಱ'. ತಮಿಳಿನಲ್ಲಿ ಇವತ್ತಿಗೂ ಈ ಎರಡು ಪದಗಳನ್ನು ಬೇರೆಬೇರೆ ರಕಾರದಲ್ಲೇ ಬರೆಯುತ್ತಾರೆ. ನಾವು ಒಂದನ್ನು ಕೈಬಿಟ್ಟೆವು, ಇವೆರಡೂ ನೋಡಲು ಅಣ್ಣತಮ್ಮಂದಿರ ಥರ ಆದವು. ನನ್ನ ಚೆಂದದ ಕಥೆ ಹುಟ್ಟಿದ್ದು ಒಂದು ಅಕ್ಷರ ಕಳೆದುಹೋದ ಜಾಗದಲ್ಲಿ.

ಇರಲಿ, ಬೇರಿನ ರೂಟ್‌ಗೆ ಬರೋಣ. ಇದರಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಅಂದರೆ, ರೂಟ್ ಅನ್ನುವ ಪದಕ್ಕೆ ಇಂಗ್ಲಿಷಿನಲ್ಲಿ ಬೇರಿಲ್ಲ. ಅದು ಕಡ ತಂದದ್ದು. ಸ್ಕ್ಯಾಂಡಿನೇವಿಯಾದಿಂದ ದೋಣಿಯಲ್ಲಿ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ ಜನರ ಬಾಯಿಂದ ಬಂತು. ಅವರ ಹಳೆಯ ನಾರ್ಸ್ ಭಾಷೆಯಲ್ಲಿ ಅದು 'ರೋಟ್'. ಇಂಗ್ಲಿಷಿಗೆ ತನ್ನದೇ ಅಂತ ಇದ್ದ ಪದ 'ವಿರ್ಟ್'. ಅದಕ್ಕೆ ಬೇರು ಅನ್ನುವ ಅರ್ಥವೂ ಇತ್ತು, ಗಿಡ ಅನ್ನುವ ಅರ್ಥವೂ ಇತ್ತು. ಹೊರಗಿನಿಂದ ಬಂದವನು ಮನೆ ಹಿಡಿದ, ಮನೆಯವನು ಹಿತ್ತಿಲಿಗೆ ಹೋದ. ಈಗ ಅದು 'ವರ್ಟ್' ಅಂತ ಗಿಡಮೂಲಿಕೆಗಳ ಹೆಸರಿನ ಬಾಲದಲ್ಲಿ ಮಾತ್ರ ಉಳಿದಿದೆ. ಸೇಂಟ್ ಜಾನ್ಸ್ ವರ್ಟ್ ಅಂತ ಔಷಧಿ ಡಬ್ಬಿಗಳ ಮೇಲೆ ನೋಡಿರುತ್ತೀರಿ.

ಗಿಡಮೂಲಿಕೆ ಅಂತ ಬರೆದ ಮೇಲೆ ಒಂದು ಕ್ಷಣ ಕೈ ನಿಂತಿತು. ಮೂಲಿಕೆ ಅಂದರೇನು? ಮೂಲ ಅಂದರೆ ಬೇರು, ಮೂಲಿಕೆ ಅಂದರೆ ಔಷಧಿಯ ಬೇರು. ಆಮೇಲೆ ಎಲೆ, ತೊಗಟೆ, ಹೂವು ಯಾವುದಾದರೂ ಮೂಲಿಕೆಯೇ. ಎರಡು ಭಾಷೆಗಳು ಒಂದನ್ನೊಂದು ನೋಡದೆ ಒಂದೇ ದಾರಿ ನಡೆದಿವೆ. ಇನ್ನೂ ಇವೆ ನೋಡಿ. ಲ್ಯಾಟಿನ್ನಿನಲ್ಲಿ ಬೇರಿಗೆ 'ರಾಡಿಕ್ಸ್', ಅದರಿಂದ ಇಂಗ್ಲಿಷಿನ ರ‍್ಯಾಡಿಶ್. ಹಿಂದಿಯ ಮೂಲಿ ಕೂಡ ಮೂಲದಿಂದಲೇ ಬಂದದ್ದು. ನಮ್ಮ ಮೂಲಂಗಿಯಲ್ಲೂ ಅದೇ ಸದ್ದು ಕೇಳಿಸುತ್ತದೆ. ರಾಡಿಕ್ಸ್‌ನಿಂದಲೇ ಎರಾಡಿಕೇಟ್, ಬೇರು ಸಮೇತ ಕೀಳುವುದು. ನಮ್ಮಲ್ಲಿ ಅದಕ್ಕೆ ನಿರ್ಮೂಲನೆ, ಒಳಗೆ ಅದೇ ಬೇರು. ಸಿಡುಬು ಜಗತ್ತಿನಿಂದ ನಿರ್ಮೂಲವಾಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಘೋಷಿಸಿತಲ್ಲ, ಆ ಸುದ್ದಿ ಇಂಗ್ಲಿಷಿನಲ್ಲಿ ಓದಿದರೂ ಕನ್ನಡದಲ್ಲಿ ಓದಿದರೂ ಮಧ್ಯದಲ್ಲಿ ಒಂದು ಕಿತ್ತ ಬೇರು ಸಿಗುತ್ತದೆ. ರ‍್ಯಾಡಿಕಲ್ ಅನ್ನುವುದೂ ಅಲ್ಲಿಂದಲೇ. ಬೇರಿಗೇ ಕೈ ಹಾಕುವವನು.

ಶಾಲೆಯಲ್ಲಿ ನನಗೆ ಬೇರು ಅಂತ ಗೊತ್ತಾಗದೆಯೇ ಕಲಿತದ್ದು ವರ್ಗಮೂಲ. 25ರ ವರ್ಗಮೂಲ 5. ಸರಿ, ಯಾಕೆ ಮೂಲ? ನಾನೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಒಂಬತ್ತನೇ ಶತಮಾನದ ಬಾಗ್ದಾದಿನಲ್ಲಿ ಅಲ್ ಖ್ವಾರಿಜ್ಮಿ ಬೀಜಗಣಿತ ಬರೆಯುವಾಗ, ಗೊತ್ತಿಲ್ಲದ ಸಂಖ್ಯೆಯನ್ನು 'ಜಿದ್ರ್' ಅಂದ, ಅರಬ್ಬಿಯಲ್ಲಿ ಬೇರು. ಅದರ ವರ್ಗವನ್ನು 'ಮಾಲ್' ಅಂದ, ಅಂದರೆ ಸ್ವತ್ತು. ಅವನ ಲೆಕ್ಕ ಹೀಗಿರುತ್ತದೆ: ಒಂದು ಸ್ವತ್ತು ಐದು ಬೇರಿಗೆ ಸಮ, ಬೇರೆಷ್ಟು? ಐದು. ಸಂಖ್ಯೆಗಳ ಬದಲು ತೋಟದ ಲೆಕ್ಕ ನೋಡಿದ ಹಾಗಿದೆ. ಈ ಜಿದ್ರ್ ಲ್ಯಾಟಿನ್ನಿಗೆ ಹೋಗಿ ರಾಡಿಕ್ಸ್ ಆಯಿತು. ನಾವು ಇವತ್ತು ಬರೆಯುವ ವರ್ಗಮೂಲದ ಚಿಹ್ನೆ 1525ರಲ್ಲಿ ಕ್ರಿಸ್ಟೋಫ್ ರುಡೋಲ್ಫ್ ಅಚ್ಚು ಮಾಡಿಸಿದ ಪುಸ್ತಕದಲ್ಲಿ ಮೊದಲು ಕಾಣಿಸಿತು. ಅದು ರಾಡಿಕ್ಸ್‌ನ ಮೊದಲ ಅಕ್ಷರವೇ ಉದ್ದವಾದದ್ದು ಅಂತ ಗಣಿತಜ್ಞ ಆಯ್ಲರ್ ಊಹಿಸಿದ್ದ.

ಈ ಕಡೆ ಆರ್ಯಭಟನ ಕಾಲಕ್ಕೇ, ಅಂದರೆ 499ರ ಹೊತ್ತಿಗೇ, ವರ್ಗಮೂಲ ಅನ್ನುವ ಮಾತಿತ್ತು. ರಾಷ್ಟ್ರಕೂಟರ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಒಂದು ಹೆಜ್ಜೆ ಮುಂದೆ ಹೋಗಿ, ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲವೇ ಇಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿದ. ಬೇರೇ ಇಲ್ಲದ ಸಂಖ್ಯೆ. ಆಮೇಲೆ ಯುರೋಪಿನವರು ಅದಕ್ಕೂ ಒಂದು ಬೇರು ಕಲ್ಪಿಸಿಕೊಂಡರು, ಕಾಲ್ಪನಿಕ ಸಂಖ್ಯೆ ಅಂತ ಹೆಸರಿಟ್ಟರು, ಈಗ ಕರೆಂಟಿನ ಲೆಕ್ಕವೆಲ್ಲ ಅದರ ಮೇಲೇ ನಡೆಯುತ್ತದೆ. ಇನ್ನು 2ರ ವರ್ಗಮೂಲ. 1.41421356 ಅಂತ ಶುರುವಾಗಿ ನಿಲ್ಲುವುದೇ ಇಲ್ಲ. ಇಂಥದ್ದಕ್ಕೆ ನಮ್ಮ ಪಠ್ಯದಲ್ಲಿ ಕರಣಿ ಅನ್ನುತ್ತಾರೆ, ಇಂಗ್ಲಿಷಿನಲ್ಲಿ ಸರ್ಡ್. ಸರ್ಡ್ ಅಂದರೆ ಲ್ಯಾಟಿನ್ನಿನಲ್ಲಿ ಕಿವುಡ. ಗ್ರೀಕರು ಇದನ್ನು ಮಾತಿಗೆ ನಿಲುಕದ್ದು ಅಂದರು, ಅರಬರು ಅದನ್ನು ಕಿವುಡು ಅಂತ ಅನುವಾದಿಸಿದರು, ಲ್ಯಾಟಿನ್ನಿನವರು ಅದನ್ನೇ ಹಿಡಿದುಕೊಂಡರು. ಕಿವುಡು ಬೇರು! ಹೈಸ್ಕೂಲಿನಲ್ಲಿ ಇದನ್ನು ಯಾರಾದರೂ ಹೇಳಿದ್ದರೆ ಕರಣಿ ಅಧ್ಯಾಯ ಅಷ್ಟು ಬೇಜಾರಾಗುತ್ತಿರಲಿಲ್ಲವೋ ಏನೋ.

ಗಣಿತದಲ್ಲಿ ಇನ್ನೊಂದು ಮಾತು ಇದೆ, ಅದು ಮುಂದೆ ಬೇಕಾಗುತ್ತದೆ. ಸಮೀಕರಣಕ್ಕೆ ಒಂದೇ ಮೂಲ ಇರಬೇಕಾಗಿಲ್ಲ. ಯಾವುದರ ವರ್ಗ 25 ಅಂದರೆ 5 ಅನ್ನಬಹುದು, ಮೈನಸ್ 5 ಅಂತಲೂ ಅನ್ನಬಹುದು. ಎರಡೂ ಸರಿ. ಘಾತ ಹೆಚ್ಚಾದ ಹಾಗೆ ಮೂಲಗಳೂ ಹೆಚ್ಚು.

ಹಲ್ಲಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ನೆನಪಾದರೆ ಈಗಲೂ ದವಡೆ ಜುಂ ಅನ್ನುತ್ತದೆ. ಮೇಲಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಆಗಬೇಕಿತ್ತು. ಡಾಕ್ಟರಮ್ಮ ಎಕ್ಸ್‌ರೇ ತೋರಿಸಿ, "ನೋಡಿ, ಈ ಹಲ್ಲಿಗೆ ಮೂರು ಬೇರು" ಅಂದರು. ಮೂರು ಬೇರಿಗೆ ಮೂರು ನಾಳ ತಾನೇ ಅಂದೆ. "ಹಾಗಂತ ಬಿಟ್ಟರೆ ಆರು ತಿಂಗಳಿಗೆ ವಾಪಸ್ ಬರ್ತೀರಿ. ಒಂದು ಬೇರಲ್ಲಿ ಎರಡು ನಾಳ ಇರೋದು ಜಾಸ್ತಿ. ಬಾಯಿ ಅಗಲ ಮಾಡಿ." ಆಮೇಲೆ ಇಪ್ಪತ್ತು ನಿಮಿಷ ಸೂಜಿಯಂಥ ಫೈಲ್ ಹಿಡಿದು ಆ ನಾಲ್ಕನೆಯದನ್ನು ಹುಡುಕಿದರು. ಸಿಕ್ಕಾಗ ಅವರ ಮುಖದಲ್ಲಿ ಕಂಡ ಖುಷಿ ನನ್ನ ಮುಖದಲ್ಲಿ ಇರಲಿಲ್ಲ.

ಈಗ ನನ್ನ ಕಸುಬಿನ ರೂಟ್. ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಮಾಡಿದವರು ಫೈಲುಗಳನ್ನೆಲ್ಲ ಒಂದು ಮರದ ಥರ ಜೋಡಿಸಿದರು. ಎಲ್ಲಕ್ಕಿಂತ ಮೇಲಿನ ಫೋಲ್ಡರಿಗೆ ಹೆಸರೇ ಇಲ್ಲ, ಒಂದು ಓರೆಗೆರೆ ಅಷ್ಟೇ. ಅದನ್ನು ರೂಟ್ ಅಂತ ಕರೆದರು. ಬೇರು ಮೇಲೆ, ಕೊಂಬೆಗಳು ಕೆಳಗೆ. ಹೊಸದಾಗಿ ಕಲಿಯುವ ಹುಡುಗರು ಇದನ್ನು ನೋಡಿ ತಲೆ ಕೆರೆದುಕೊಳ್ಳುತ್ತಾರೆ. ಭಗವದ್ಗೀತೆಯ 15ನೇ ಅಧ್ಯಾಯ ಗೊತ್ತಿರುವವರಿಗೆ ಹೊಸದೇನಲ್ಲ, ಅಲ್ಲಿನ ಅಶ್ವತ್ಥ ಮರವೂ ಹೀಗೆ ತಲೆಕೆಳಗೇ ನಿಂತಿದೆ. ವಂಶವೃಕ್ಷ ಬರೆಯುವಾಗಲೂ ನಾವು ಮುತ್ತಜ್ಜನನ್ನು ಮೇಲೆ ಕೂರಿಸಿ ಮೊಮ್ಮಕ್ಕಳನ್ನು ಕೆಳಗೆ ನೇತುಹಾಕುತ್ತೇವಲ್ಲ.

ಆ ಮರದ ಒಡೆಯನ ಹೆಸರೂ ರೂಟ್. ಅವನಿಗೆ ಯಾವ ಬಾಗಿಲೂ ಮುಚ್ಚಿಲ್ಲ. ಸಿಸ್ಟಮ್ ಅವನನ್ನು 'ಇದು ಬೇಕಾ, ಖಂಡಿತಾನಾ' ಅಂತ ಸಾಮಾನ್ಯವಾಗಿ ಕೇಳುವುದೂ ಇಲ್ಲ. ಒಂದು ಸಂಜೆ ನಾನು ರೂಟ್ ಆಗಿ ಲಾಗಿನ್ ಆಗಿ, ಟೆಸ್ಟ್ ಸರ್ವರ್ ಅಂದುಕೊಂಡು ಅಸಲಿ ಸರ್ವರಿನಲ್ಲಿ ಒಂದು ಫೋಲ್ಡರು ಅಳಿಸಿಬಿಟ್ಟೆ. ಎಂಟರ್ ಒತ್ತಿದ ಮೇಲೆ ಪರದೆಯ ಮೇಲೆ ಏನೂ ಬರಲಿಲ್ಲ. ಕರ್ಸರ್ ಒಂದು ಸಾಲು ಕೆಳಗೆ ಇಳಿದು ಮಿಣಮಿಣ ಅಂತ ನಿಂತಿತು. ತಪ್ಪಾಗಿದೆ ಅಂತ ನನಗೆ ತಿಳಿದದ್ದು ಆ ಸಾಲಿನ ಎಡಗಡೆ ಇದ್ದ ಸರ್ವರ್ ಹೆಸರು ಓದಿದಾಗ. ಅದು ಅಲ್ಲಿಯವರೆಗೂ ಅಲ್ಲೇ ಇತ್ತು, ನಾನೇ ನೋಡಿರಲಿಲ್ಲ.

ಮಾರನೇ ದಿನ ಮೀಟಿಂಗು. ರೂಟ್ ಕಾಸ್ ಅನಾಲಿಸಿಸ್, ಅಂದರೆ ಮೂಲ ಕಾರಣದ ಹುಡುಕಾಟ. (ಕನ್ನಡದಲ್ಲಿ ಇದನ್ನು ಹುಷಾರಾಗಿ ಹೇಳಬೇಕು. 'ನಿನ್ನೆಯಿಂದ ಮೂಲದ ತೊಂದರೆ' ಅಂದರೆ ಜನ ಬೇರೆ ಡಾಕ್ಟರ ವಿಳಾಸ ಕೊಡುತ್ತಾರೆ.) ಟೊಯೋಟಾ ಕಾರ್ಖಾನೆಯಿಂದ ಬಂದ ಒಂದು ಪದ್ಧತಿ ಇದೆ, ಐದು ಸಲ 'ಯಾಕೆ' ಅಂತ ಕೇಳುವುದು. ಫೋಲ್ಡರು ಯಾಕೆ ಹೋಯಿತು? ತಪ್ಪು ಸರ್ವರಿನಲ್ಲಿದ್ದೆ. ಯಾಕೆ? ಎರಡು ಕಿಟಕಿಯ ಬಣ್ಣವೂ ಒಂದೇ ಇತ್ತು. ರೂಟ್ ಆಗಿ ಯಾಕೆ ಹೋದೆ? ಬೇರೆ ಅಕೌಂಟಿಗೆ ಅನುಮತಿ ಕೇಳಿ ವಾರವಾದರೂ ಬಂದಿರಲಿಲ್ಲ. ಯಾಕೆ? ಅದನ್ನು ಕೊಡುತ್ತಿದ್ದವರು ಕೆಲಸ ಬಿಟ್ಟಿದ್ದರು, ಆ ಜಾಗಕ್ಕೆ ಯಾರೂ ಬಂದಿರಲಿಲ್ಲ. ಇಲ್ಲಿಗೆ ನಾಲ್ಕು. ಐದನೇ ಯಾಕೆ ಕೇಳಿದ್ದರೆ ಮೇಜಿನ ಆ ತುದಿಯಲ್ಲಿ ಕೂತವರ ಹೆಸರು ಬರುತ್ತಿತ್ತು. ಕೇಳಲಿಲ್ಲ. ರಿಪೋರ್ಟಿನಲ್ಲಿ 'ಮಾನವ ತಪ್ಪು' ಅಂತ ಬರೆದು ಎದ್ದರು. ಆ ಮಾನವ ನಾನು. ತಪ್ಪು ನನ್ನದಲ್ಲ ಅಂತಲ್ಲ, ಕೈ ನನ್ನದೇ. ಆದರೆ ಅವತ್ತಿನಿಂದ ಯಾರಾದರೂ 'ಇದೇ ಮೂಲ ಕಾರಣ' ಅಂತ ಒಂದನ್ನೇ ಬೊಟ್ಟು ಮಾಡಿ ತೋರಿಸಿದರೆ, ಇವರು ಎಲ್ಲಿ ಅಗೆಯುವುದನ್ನು ನಿಲ್ಲಿಸಿದರು ಅಂತ ನೋಡುವ ಚಾಳಿ ಅಂಟಿಕೊಂಡಿದೆ.

ಜನ ತಮ್ಮ ಮನೆತನದ ರೂಟ್ಸ್ ಅಂತ ಮಾತಾಡುವಾಗಲೂ ಇದೇ ಚಾಳಿ ತಲೆ ಎತ್ತುತ್ತದೆ. ಏಕವಚನದ ರೂಟ್‌ಗಿಂತ ಬಹುವಚನದ ರೂಟ್ಸ್‌ನ ತೂಕವೇ ಬೇರೆ. ಅಮೆರಿಕದ ಕಪ್ಪು ಲೇಖಕ ಅಲೆಕ್ಸ್ ಹೇಲಿ, ಆಫ್ರಿಕಾದಿಂದ ಗುಲಾಮರಾಗಿ ಬಂದ ತನ್ನ ಪೂರ್ವಜರ ಬಗ್ಗೆ, ಇದೇ ಹೆಸರಿನಲ್ಲಿ 1976ರಲ್ಲಿ ಬರೆದ ಪುಸ್ತಕ, ಮರುವರ್ಷ ಅದರ ಟೀವಿ ಧಾರಾವಾಹಿ ಬಂದ ಮೇಲೆ ಅಮೆರಿಕದಲ್ಲಿ ಸಾಮಾನ್ಯ ಜನ ತಮ್ಮ ಪೂರ್ವಜರ ಹೆಸರು ಹುಡುಕಿಕೊಂಡು ದಾಖಲೆ ಕಚೇರಿಗಳಿಗೆ ಹೋಗತೊಡಗಿದರು. ಗುಲಾಮರಾಗಿ ಸಾಗಿಸಲ್ಪಟ್ಟು, ಹೆಸರನ್ನೂ ಕಳೆದುಕೊಂಡವರ ಮಕ್ಕಳಿಗೆ ಆ ಹುಡುಕಾಟ ಎಷ್ಟು ದೊಡ್ಡದು ಅನ್ನುವುದು ನನಗೆ ಅರ್ಥವಾಗುತ್ತದೆ. ಅದನ್ನು ಹಗುರ ಮಾಡುವ ಮಾತು ನನ್ನಲ್ಲಿಲ್ಲ. ನನಗೆ ಕಿರಿಕಿರಿ ಆಗುವುದು ಇನ್ನೊಂದು ಥರದವರನ್ನು ಕಂಡರೆ. 'ನಮ್ಮ ಮೂಲ ಇದು' ಅಂತ ಒಬ್ಬ ಪುರುಷ, ಒಂದು ಊರು, ಒಂದು ಶತಮಾನ ಹೇಳಿ ಮುಗಿಸುವವರು.

ಲೆಕ್ಕ ಹಾಕಿ ನೋಡಿ. ಅಪ್ಪ ಅಮ್ಮ ಇಬ್ಬರು. ಅಜ್ಜ ಅಜ್ಜಿಯರು ನಾಲ್ವರು. ಹತ್ತು ತಲೆಮಾರು ಹಿಂದೆ ಹೋದರೆ 1,024 ಜನ. ಇಪ್ಪತ್ತು ತಲೆಮಾರಿಗೆ ಹತ್ತು ಲಕ್ಷ ದಾಟುತ್ತದೆ. ಮೂವತ್ತಕ್ಕೆ 107 ಕೋಟಿ. ಆಗ ಇಡೀ ಭೂಮಿಯ ಮೇಲೆ ಅಷ್ಟು ಜನವೇ ಇರಲಿಲ್ಲ, ಅಂದರೆ ಒಬ್ಬರೇ ನಮಗೆ ಹತ್ತಾರು ಕಡೆಯಿಂದ ಅಜ್ಜಿಯಾಗಿದ್ದಾರೆ. ಇದರಲ್ಲಿ ಒಂದು ಎಳೆ ಎತ್ತಿಕೊಂಡು ಇದೇ ಬೇರು ಅಂದರೆ ಮಿಕ್ಕವರೆಲ್ಲ ಎಲ್ಲಿಗೆ ಹೋಗಬೇಕು? ಋಷಿಮೂಲ ನದಿಮೂಲ ಹುಡುಕಬಾರದು ಅಂತ ನಮ್ಮಲ್ಲಿ ಗಾದೆಯೇ ಇದೆ. ಹುಡುಕಿದರೆ ಏನೋ ಮುಜುಗರದ್ದು ಸಿಗುತ್ತದೆ ಅಂತ ಅದನ್ನು ಬಳಸುತ್ತಾರೆ. ನನಗೆ ನದಿಯ ಮಟ್ಟಿಗೆ ಬೇರೆ ಕಾರಣ ಕಾಣುತ್ತದೆ. ಉತ್ತರ ಅಮೆರಿಕದಲ್ಲಿ ಮಿಸೌರಿ ನದಿ ಮಿಸಿಸಿಪಿಯನ್ನು ಸೇರುತ್ತದೆ. ಸೇರುವ ಜಾಗಕ್ಕೆ ಬರುವ ಹೊತ್ತಿಗೆ ಹೆಚ್ಚು ದೂರ ಹರಿದು ಬಂದಿರುವುದು ಮಿಸೌರಿ. ಆದರೂ ಮುಂದೆ ಹರಿಯುವ ನೀರಿಗೆ ಮಿಸಿಸಿಪಿ ಅಂತಲೇ ಹೆಸರು, ಮೂಲವೂ ಅದರದ್ದೇ ಲೆಕ್ಕಕ್ಕೆ. ನೀರಿಗೆ ಇದು ಗೊತ್ತಿಲ್ಲ.

ಇಷ್ಟೆಲ್ಲ ಪದ ಹುಡುಕಿದ ಮೇಲೂ ನಾನು ಅಸಲಿ ಬೇರನ್ನು ಸರಿಯಾಗಿ ನೋಡಿರಲಿಲ್ಲ. ತೋರಿಸಿದ್ದು ಅಕ್ಕನ ಮಗ. ಶಾಲೆಗೆ ಅಂತ ಒದ್ದೆ ಹತ್ತಿಯಲ್ಲಿ ಬೀನ್ಸ್ ಬೀಜ ಮೊಳಕೆ ಬರಿಸಿದ್ದ. ಮೊದಲು ಹೊರಗೆ ಬಂದದ್ದು ಬೇರೇ. ಎರಡು ಸೆಂಟಿಮೀಟರ್ ಆದಾಗ, ಸಣ್ಣ ಮೊನೆಯ ಪೆನ್ನಿನಿಂದ ಅದರ ಮೇಲೆ ಉದ್ದಕ್ಕೂ ಸಮನಾಗಿ ಹತ್ತು ಗೆರೆ ಎಳೆದೆವು. 19ನೇ ಶತಮಾನದಲ್ಲಿ ಜರ್ಮನಿಯ ಜೂಲಿಯಸ್ ಸಾಕ್ಸ್ ಇದನ್ನೇ ಮಾಡಿದ್ದ, ಕಷ್ಟವೇನಿಲ್ಲ, ಉಸಿರು ಬಿಗಿಹಿಡಿಯಬೇಕು ಅಷ್ಟೇ. ಮೊದಲ ಸಲ ಬೇರು ಮುರಿಯಿತು. ಎರಡನೇ ಸಲ ಶಾಯಿ ಹರಡಿತು. ಮೂರನೇದು ಆಯಿತು. ಎರಡು ದಿನ ಬಿಟ್ಟು ಹತ್ತಿ ಸರಿಸಿ ನೋಡಿದರೆ, ಬೀಜದ ಹತ್ತಿರದ ಗೆರೆಗಳು ಎಲ್ಲಿದ್ದವೋ ಅಲ್ಲೇ ಇವೆ, ಕೂದಲೆಳೆಯಷ್ಟೂ ಸರಿದಿಲ್ಲ. ತುದಿಯ ಎರಡು ಮೂರು ಗೆರೆಗಳು ಮಾತ್ರ ಎಳೆದು ಎಳೆದು ಮಸುಕಾಗಿ, ದೂರ ದೂರ ಹೋಗಿವೆ.

"ಮಾವ, ಹಿಂದೆ ಏನೂ ಬೆಳೆದೇ ಇಲ್ಲ. ತುದಿ ಒಂದೇ ಓಡ್ತಾ ಇದೆ" ಅಂದ.

ನಾನು ಬೇರು ಅಂದರೆ ಹಳೆಯದು, ಆಗಿಹೋದದ್ದು, ಮರಕ್ಕಿಂತ ಮುಂಚಿನದು ಅಂತಲೇ ಇಷ್ಟು ವರ್ಷ ಆ ಪದ ಬಳಸಿದ್ದೆ. ರೂಟ್ಸ್ ಅಂದ ತಕ್ಷಣ ಹಿಂದಕ್ಕೆ ತಿರುಗುವುದೇ ರೂಢಿ. ಇಲ್ಲಿ ನೋಡಿದರೆ ಬೇರಿನ ತುದಿ ಅವತ್ತಿನದು, ಎಲೆಯ ಚಿಗುರಿನಷ್ಟೇ ಎಳೆಯದು. ನೀರು ಹೀರುವ ಸಣ್ಣ ಬೇರುಗೂದಲುಗಳು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಇದ್ದು ಸಾಯುತ್ತವೆ, ಮುಂದೆ ಹೊಸವು ಬರುತ್ತವೆ. 1937ರಲ್ಲಿ ಹೊವಾರ್ಡ್ ಡಿಟ್‌ಮರ್ ಅನ್ನುವ ವಿಜ್ಞಾನಿ ನಾಲ್ಕು ತಿಂಗಳ ಒಂದೇ ಒಂದು ರೈ (ಗೋಧಿಯಂಥ ಒಂದು ಧಾನ್ಯ) ಗಿಡದ ಬೇರುಗಳನ್ನು ತೊಳೆದು ಬಿಡಿಸಿ ಲೆಕ್ಕ ಹಾಕಿದ. ಎಲ್ಲ ಸೇರಿಸಿದರೆ ಉದ್ದ 620 ಕಿಲೋಮೀಟರಿಗೂ ಜಾಸ್ತಿ, ಬೇರುಗೂದಲು ಸುಮಾರು 1,400 ಕೋಟಿ. ಒಂದು ಪೆಟ್ಟಿಗೆ ಮಣ್ಣಿನಲ್ಲಿ, ನಾಲ್ಕು ತಿಂಗಳಲ್ಲಿ. ಇನ್ನು ಮರದ ಬೇರು ಅಂದರೆ ಪಾತಾಳಕ್ಕೆ ಇಳಿದ ಚಿತ್ರ ಬರೆಯುತ್ತೇವಲ್ಲ, ಅದೂ ಅಷ್ಟು ಸರಿಯಲ್ಲ. ಬಹುಪಾಲು ಮರಗಳಲ್ಲಿ ಹೆಚ್ಚಿನ ಬೇರು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ, ಕೊಂಬೆಗಳ ನೆರಳು ದಾಟಿ ಅಗಲಕ್ಕೆ ಹರಡಿರುತ್ತದೆ.

ಕೋಲ್ಕತ್ತಾ ಪಕ್ಕದ ಹೌರಾದ ಸಸ್ಯೋದ್ಯಾನದಲ್ಲಿ ಒಂದು ದೊಡ್ಡ ಆಲದ ಮರ ಇದೆ. ದೂರದಿಂದ ನೋಡಿದವರು ಕಾಡು ಅಂದುಕೊಳ್ಳುತ್ತಾರೆ. ಹಿಂದೆ ಚಂಡಮಾರುತಗಳ ಹೊಡೆತ ತಿಂದು, ಆಮೇಲೆ ಶಿಲೀಂಧ್ರ ಹಿಡಿದು ಅದರ ನಡುಕಾಂಡ ಕೊಳೆಯಿತು. 1925ರಲ್ಲಿ ಅದನ್ನು ಕಡಿದು ತೆಗೆದರು. ಬೀಜದಿಂದ ಮೊದಲು ಎದ್ದ ಕಾಂಡ ಅದೇ. ಅಷ್ಟು ಹೊತ್ತಿಗೆ ಕೊಂಬೆಗಳಿಂದ ಇಳಿದ ಬಿಳಲುಗಳು ನೆಲ ಮುಟ್ಟಿ, ಬೇರೂರಿ, ತಾವೇ ಕಾಂಡದಷ್ಟು ದಪ್ಪ ಆಗಿದ್ದವು. ಮರ ಅವುಗಳ ಮೇಲೆ ನಿಂತಿದೆ, ಈಗಲೂ ಅಗಲವಾಗುತ್ತಲೇ ಇದೆ, ಹೊಸ ಬಿಳಲು ಇಳಿಯುತ್ತಲೇ ಇವೆ. ಫೋಟೋ ತೋರಿಸಿದಾಗ ಅಕ್ಕನ ಮಗ ಕೇಳಿದ ಮೊದಲ ಪ್ರಶ್ನೆ, ಇದರಲ್ಲಿ ಮರ ಯಾವುದು, ಬೇರು ಯಾವುದು ಅಂತ. ಫೋಟೋ ದೊಡ್ಡದು ಮಾಡಿ ಇಬ್ಬರೂ ತುಂಬಾ ಹೊತ್ತು ನೋಡಿದೆವು. ಒಂದು ಕಡೆ ಇನ್ನೂ ನೆಲ ಮುಟ್ಟದ ಒಂದು ಬಿಳಲು ಇತ್ತು, ತುದಿ ನೆಲಕ್ಕಿಂತ ಒಂದು ಮೊಳ ಮೇಲೆ. ಅದನ್ನು ಬೆರಳಿಟ್ಟು ತೋರಿಸಿ, "ಇದೊಂದು ಗೊತ್ತಾಯ್ತು ಬಿಡು ಮಾವ" ಅಂದ.